ಕೆರೆ ತುಂಬಿದ ಕಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹೊರವಲಯದ ಒಂದು ಕೆರೆಯನ್ನು ನಮ್ಮ ಬಡಾವಣೆಯವರು ಮತ್ತು ಪಕ್ಕದ ಹಳ್ಳಿಯವರು ಸೇರಿ ನೋಡಿಕೊಳ್ಳುತ್ತಿದ್ದೇವೆ. ಭಾನುವಾರ ಬೆಳಿಗ್ಗೆ ಏರಿ ಮೇಲೆ ನಿಂತರೆ ಸಾಕು, ವಾಕಿಂಗ್ ಬಂದವರು, ಮೀನು ಹಿಡಿಯುವವರು, ಶಾಲೆ ಮಕ್ಕಳು ಎಲ್ಲರೂ ಏನಾದರೂ ಕೇಳುತ್ತಾರೆ. ಬೇರೆ ಊರಿನ ಕೆರೆಯವರೂ ಫೋನ್ ಮಾಡುತ್ತಾರೆ. ಅವರೆಲ್ಲ ಕೇಳಿದ್ದನ್ನು, ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ಕೆರೆಯಲ್ಲಿ ಹಸಿರು ಹಾಸು ಬಂದಿದೆ. ಅದು ಯಾವ ಗಿಡ ಅಂತ ಹೇಗೆ ತಿಳಿಯೋದು?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಒಂದೂರಲ್ಲಿ ಅಂತರಗಂಗೆ ಅಂದದ್ದು ಇನ್ನೊಂದೂರಲ್ಲಿ ಬೇರೆ ಗಿಡ. ಜೊಂಡು ಅನ್ನುವ ಮಾತಂತೂ ಕೆರೆಯಲ್ಲಿ ಬೆಳೆದದ್ದಕ್ಕೆಲ್ಲ ಸಲ್ಲುತ್ತದೆ. ಅದಕ್ಕೇ ಹೆಸರು ಬಿಟ್ಟು ಗಿಡವನ್ನೇ ಕೈಗೆತ್ತಿಕೊಂಡು ನೋಡಿ.

ಎಲೆಯ ತೊಟ್ಟು ಬಲೂನಿನ ಹಾಗೆ ಉಬ್ಬಿದ್ದು, ಅದುಮಿದರೆ ಸ್ಪಂಜಿನಂತಿದ್ದು, ತಿಳಿ ನೇರಳೆ ಹೂಗೊಂಚಲು ಬಿಟ್ಟರೆ ಅದು ವಾಟರ್ ಹಯಾಸಿಂತ್. ದಟ್ಟವಾಗಿ ಬೆಳೆದ ಕಡೆ ತೊಟ್ಟು ಉಬ್ಬದೆ ಉದ್ದಕ್ಕೆ ಹೋಗಿರುತ್ತದೆ, ಆಗ ಹೂವನ್ನೇ ನೋಡಬೇಕು. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಅಂದದ ಹೂವೆಂದು 19ನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು. ಅಲ್ಲಿ ಎಷ್ಟು ಕಾಟ ಕೊಟ್ಟಿತೆಂದರೆ 1936ರಲ್ಲಿ ಇದೊಂದೇ ಗಿಡದ ಮೇಲೆ ಬಂಗಾಳದಲ್ಲಿ ಕಾಯ್ದೆ ಮಾಡಬೇಕಾಯಿತು.

ತೇಲುವ ಪುಟ್ಟ ಎಲೆಕೋಸಿನ ಹಾಗಿದ್ದು, ಎಲೆ ಮುಟ್ಟಿದರೆ ವೆಲ್ವೆಟ್ ಅನ್ನಿಸಿದರೆ ಅದು ಪಿಸ್ಟಿಯಾ. ಅಂತರಗಂಗೆ ಅನ್ನುವ ಹೆಸರು ಮೂಲದಲ್ಲಿ ಇದರದ್ದು. ಎರಡೆರಡು ಮಡಿಚಿದ ಸಣ್ಣ ಎಲೆ, ಅದರ ಮೇಲೆ ನೀರು ನಿಲ್ಲದಷ್ಟು ಕೂದಲು ಇದ್ದರೆ ಸಾಲ್ವಿನಿಯಾ. ಇದು ಜರಿಗಿಡದ ಜಾತಿ, ಹೂವೇ ಬಿಡುವುದಿಲ್ಲ. ದಂಡೆಯಲ್ಲಿ ಆಳೆತ್ತರ ಬೆಳೆದು ಆಲಿಕೆಯಾಕಾರದ ಗುಲಾಬಿ ಹೂ ಬಿಡುವುದು ಐಪೋಮಿಯಾ ಕಾರ್ನಿಯಾ. ಕಡ್ಡಿ ನೆಟ್ಟರೆ ಬರುತ್ತದೆ ಅಂತ ಬೇಲಿಗೆ ಹಾಕುತ್ತಾರೆ. ದಯವಿಟ್ಟು ಬೇಡ. ಅದನ್ನು ತಿಂದರೆ ಮೇಕೆಗಳಿಗೆ ವಿಷ.

ಇನ್ನೊಂದು ಬಾಕಿ ಇದೆ, ಅಲಿಗೇಟರ್ ವೀಡ್. ಅದಕ್ಕೆ ಬೇರೆ ಪ್ರಶ್ನೆಯೇ ಇದೆ.

ಕೆರೆ ಅಂಚಿನಲ್ಲಿ ಹೊನಗೊನ್ನೆ ಸೊಪ್ಪು ಸೊಂಪಾಗಿ ಬೆಳೆದಿದೆ. ಕಿತ್ತು ಸಾರು ಮಾಡಬಹುದಾ?

ಅದು ಹೊನಗೊನ್ನೆ ಹೌದೋ ಅಲ್ಲವೋ ಮೊದಲು ನೋಡಿ. ಬಿಳಿ ಹೂವಿನ ಉಂಡೆ ಎಲೆಯ ಬುಡಕ್ಕೆ ಅಂಟಿಕೊಂಡೇ ಇದ್ದರೆ ಹೊನಗೊನ್ನೆ. ಹೂವಿನ ಉಂಡೆಗೆ ಉದ್ದನೆಯ ತೊಟ್ಟಿದ್ದು, ಕಾಂಡ ಮುರಿದರೆ ಒಳಗೆ ಟೊಳ್ಳಾಗಿದ್ದರೆ ಅದು ಅದರ ದಾಯಾದಿ, ದಕ್ಷಿಣ ಅಮೆರಿಕದ ಅಲಿಗೇಟರ್ ವೀಡ್. ನೀರಿನಲ್ಲೂ ಬೆಳೆಯುತ್ತದೆ, ನೆಲದಲ್ಲೂ ಬೆಳೆಯುತ್ತದೆ.

ಎರಡರಲ್ಲಿ ಯಾವುದೇ ಆಗಲಿ, ಚರಂಡಿ ನೀರು ಸೇರುವ ಕೆರೆಯದ್ದನ್ನು ತಿನ್ನಬೇಡಿ. ಈ ಗಿಡಗಳು ಸೀಸ, ಕ್ಯಾಡ್ಮಿಯಂ ತರಹದ ಲೋಹಗಳನ್ನು ನೀರಿನಿಂದ ಹೀರಿಕೊಳ್ಳುತ್ತವೆ. ಬೇಯಿಸಿದರೆ ಅವು ಹೋಗುವುದಿಲ್ಲ. ನಮ್ಮ ಕೆರೆ ದಂಡೆಯಲ್ಲಿ ಸೊಪ್ಪು ಕಿತ್ತು ಸಂತೆಗೆ ಒಯ್ಯುವ ಅಜ್ಜಿಯೊಬ್ಬರಿದ್ದರು. ಅವರಿಗೆ ಬೇಡ ಅಂತ ಹೇಳುವುದು ಕಷ್ಟವಾಗಿತ್ತು, ಅದು ಅವರ ದಿನದ ಗಳಿಕೆ. ಈಗ ಕೆರೆ ಪಕ್ಕದ ತೋಟದವರು ಬೋರ್‌ವೆಲ್ ನೀರಿನಲ್ಲಿ ಹೊನಗೊನ್ನೆ ಮಡಿ ಮಾಡಿಕೊಟ್ಟಿದ್ದಾರೆ.

ನೋಡೋಕೆ ಹಸಿರಾಗಿದೆ, ಹೂವೂ ಚೆನ್ನಾಗಿದೆ. ಇರಲಿ ಬಿಡಿ ಅಂದರೆ ಏನಾಗುತ್ತೆ?

ಹಾಸಿನ ಕೆಳಗೆ ಕತ್ತಲು. ಬಿಸಿಲು ಬೀಳದಿದ್ದರೆ ನೀರೊಳಗಿನ ಪಾಚಿ, ಗಿಡಗಳು ಉಸಿರುಗಾಳಿ ಕೊಡುವುದಿಲ್ಲ. ಮೇಲಿನಿಂದ ಗಾಳಿಯೂ ಬೆರೆಯುವುದಿಲ್ಲ. ಸತ್ತ ಎಲೆ ಕೊಳೆಯುತ್ತಾ ಇದ್ದಬದ್ದ ಆಮ್ಲಜನಕವನ್ನೂ ಖಾಲಿ ಮಾಡುತ್ತದೆ. ಒಂದು ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಕಾಟ್ಲಾ, ರೋಹು ನೆಮ್ಮದಿಯಾಗಿರುತ್ತವೆ. 2ಕ್ಕಿಂತ ಕೆಳಗಿಳಿದರೆ ಮೇಲೆ ಬಂದು ಬಾಯಿ ಬಿಡುತ್ತವೆ. ಬೆಳಗಿನ ಜಾವ ಮೀನು ಸತ್ತು ತೇಲುವುದು ಬಹಳ ಸಲ ಇದರಿಂದಲೇ.

ಸೊಳ್ಳೆ ವಿಷಯವನ್ನೂ ಹೇಳಲೇಬೇಕು. ಮ್ಯಾನ್ಸೋನಿಯಾ ಅನ್ನುವ ಸೊಳ್ಳೆಯ ಮರಿ ಉಸಿರಾಡಲು ನೀರಿನ ಮೇಲೆ ಬರುವುದೇ ಇಲ್ಲ. ಪಿಸ್ಟಿಯಾದಂಥ ಗಿಡದ ಬೇರಿಗೆ ಚುಚ್ಚಿಕೊಂಡು ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಕೇರಳದ ಚೇರ್ತಲ ಕಡೆ ಒಂದು ಬಗೆಯ ಆನೆಕಾಲು ರೋಗ ಹರಡಿದ್ದು ಈ ಸೊಳ್ಳೆಯಿಂದ. ಅಲ್ಲಿ ಪಿಸ್ಟಿಯಾ ತೆಗೆಯುವುದೇ ರೋಗ ತಡೆಯುವ ಕೆಲಸದ ಒಂದು ಭಾಗವಾಗಿತ್ತು.

ಹಯಾಸಿಂತ್ ನೀರನ್ನು ಶುದ್ಧ ಮಾಡುತ್ತಂತಲ್ಲ?

ಅರ್ಧ ನಿಜ. ಸಾರಜನಕ, ರಂಜಕವನ್ನು ಅದು ಚೆನ್ನಾಗಿಯೇ ಹೀರುತ್ತದೆ. ಆದರೆ ಹೀರಿಕೊಂಡದ್ದು ಗಿಡದೊಳಗೇ ಇರುತ್ತದೆ. ಗಿಡ ಅಲ್ಲೇ ಸತ್ತು ಕೊಳೆತರೆ ಅಷ್ಟೂ ವಾಪಸ್ ನೀರಿಗೆ. ತಪ್ಪದೆ ಕಿತ್ತು ಹೊರಗೆ ಹಾಕುತ್ತಿದ್ದರೆ ಮಾತ್ರ ಲಾಭ. ಅಷ್ಟು ಶಿಸ್ತಿನಿಂದ ಕೀಳುವ ಕೆರೆಯನ್ನು ನಾನಂತೂ ನೋಡಿಲ್ಲ. ನೀರು ಶುದ್ಧ ಮಾಡಬೇಕೆಂದರೆ ಬೆಂಗಳೂರಿನ ಜಕ್ಕೂರು ಕೆರೆಯ ದಾರಿ ಒಳ್ಳೆಯದು. ಅಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಗಿಡ ಬೆಳೆದ ಜೌಗಿನ ಮೂಲಕ ಹಾದು, ಆಮೇಲೆ ಕೆರೆ ಸೇರುತ್ತದೆ.

ಉದ್ದ ಗರಿಯ ಜೊಂಡು ಹುಲ್ಲನ್ನೂ ಪೂರ್ತಿ ಕೀಳಬೇಕಾ?

ಬೇಡ. ಕಂದು ಬಣ್ಣದ ಕಡುಬಿನ ಹಾಗೆ ತೆನೆ ಬಿಡುವ ಆ ಹುಲ್ಲು, ಆಪು ಅಂತಲೂ ಕರೆಯುತ್ತಾರೆ, ನಮ್ಮ ನೆಲದ್ದೇ. ಹೂಳು ತುಂಬಿ ನೀರು ತೆಳ್ಳಗಾದ ಕಡೆ ಅದೂ ಅತಿಯಾಗಿ ಹಬ್ಬುತ್ತದೆ, ನಿಜ. ಆದರೆ ನಾಮದಕೋಳಿ, ನೀಲಿ ಬಣ್ಣದ ನೀರುಕೋಳಿ, ಗೀಜಗನ ಜಾತಿಯ ಹಕ್ಕಿಗಳು ಗೂಡು ಕಟ್ಟುವುದು ಅದರಲ್ಲೇ. ನೀರು ಒಳಗೆ ಬರುವ ಕಡೆ ಒಂದು ಪಟ್ಟಿ ಬಿಡಿ. ತೂಬಿನ ಹತ್ತಿರ, ಕೋಡಿ ಹತ್ತಿರ ಬಿಡಿಸಿ. "ಕೆರೆ ಪೂರ್ತಿ ಕ್ಲೀನ್ ಮಾಡಿಸಿದ್ವಿ" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದಾಗ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ಬೋಳು ಕೆರೆ ಹಕ್ಕಿಗಳಿಗೆ ಬೇಡದ ಕೆರೆ.

ಕಳೆ ಎಷ್ಟಿದೆ ಅಂತ ಅಳೆಯೋದು ಯಾಕೆ? ಕಣ್ಣಿಗೆ ಕಾಣುತ್ತಲ್ಲ?

ಕಣ್ಣು ಮೋಸ ಮಾಡುತ್ತದೆ. ಚರಂಡಿ ನೀರು, ಒಳ್ಳೆ ಬಿಸಿಲು ಎರಡೂ ಸಿಕ್ಕರೆ ಹಯಾಸಿಂತ್ ಸುಮಾರು ಎರಡು ವಾರಕ್ಕೆ ಎರಡರಷ್ಟಾಗುತ್ತದೆ. ಕೆರೆಯ ನೂರರಲ್ಲಿ ಒಂದು ಪಾಲು ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ. ಅಲ್ಲಿಂದ ಹನ್ನೆರಡು ವಾರಕ್ಕೆ ಅದು 64 ಪಾಲು. ಜನ ಗಾಬರಿಯಾಗಿ ಅರ್ಜಿ ಬರೆಯುವುದು ಆಗ. ಆ ಹೊತ್ತಿಗೆ ಕೆಲಸ ಬುಟ್ಟಿಯದ್ದಲ್ಲ, ಜೆಸಿಬಿಯದ್ದು.

ಇನ್ನೊಂದು ಕಾರಣ, ಕೇಳುವ ಕಡೆ ಲೆಕ್ಕಕ್ಕೆ ಬೆಲೆ ಇದೆ. "ಕೆರೆ ಹಾಳಾಗಿದೆ ಸಾರ್" ಅಂದರೆ ನೋಡೋಣ ಅಂತಾರೆ. "ಜನವರಿಯಲ್ಲಿ ಶೇ 5 ಇತ್ತು, ಮಾರ್ಚ್‌ನಲ್ಲಿ ಶೇ 40, ಹಬ್ಬಿದ್ದು ಉತ್ತರದ ರಾಜಕಾಲುವೆ ಬಾಯಿಂದ" ಅಂತ ಫೋಟೋ ಸಮೇತ ಕೊಟ್ಟರೆ ಕುರ್ಚಿ ಎಳೆದು ಕೂರಿಸುತ್ತಾರೆ.

ಸರಿ, ಹೇಗೆ ಅಳೆಯೋದು?

ನಾವು ಮಾಡುವುದನ್ನು ಹೇಳುತ್ತೇನೆ. ಏರಿ ಸುತ್ತ ಐದು ಜಾಗ ಗೊತ್ತು ಮಾಡಿಕೊಂಡಿದ್ದೇವೆ: ತೂಬು, ಕೋಡಿ, ನೀರು ಬರುವ ಎರಡು ಕಾಲುವೆ ಬಾಯಿ, ಗಣಪತಿ ಬಿಡುವ ಕಲ್ಯಾಣಿ. ಪ್ರತಿ ಜಾಗದಲ್ಲಿ ಒಂದು ಕಲ್ಲಿಗೆ ಬಣ್ಣ ಬಳಿದಿದ್ದೇವೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ ಫೋನ್ ಅಡ್ಡ ಹಿಡಿದು ಫೋಟೋ. ದೂರದ ಒಂದು ನೀರಿನ ಟ್ಯಾಂಕ್ ಅಥವಾ ಮರ ಪ್ರತಿ ಫೋಟೋದಲ್ಲೂ ಬರುವ ಹಾಗೆ ನೋಡಿಕೊಳ್ಳಿ. ಆಗ ಎರಡು ಫೋಟೋ ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಆಮೇಲೆ ಅಂದಾಜು. ಶೇ 37 ಅಂತೆಲ್ಲ ಬರೆಯಲು ಹೋಗಬೇಡಿ, ಇಬ್ಬರು ನೋಡಿದರೆ ಎರಡು ಸಂಖ್ಯೆ ಬರುತ್ತದೆ. ಇಲ್ಲವೇ ಇಲ್ಲ, 5ರೊಳಗೆ, 5ರಿಂದ 25, 25ರಿಂದ 50, 50ರಿಂದ 75, ಅದಕ್ಕೂ ಜಾಸ್ತಿ. ಈ ಆರು ಮನೆ ಸಾಕು. ಯಾವ ಗಿಡ ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ಏನೂ ಕಾಣದ ದಿನವೂ "ಇಲ್ಲ" ಅಂತ ಬರೆಯಲೇಬೇಕು. ಖಾಲಿ ಬಿಟ್ಟರೆ, ಗಿಡ ಇರಲಿಲ್ಲವೋ ನೋಡಿದವರೇ ಇರಲಿಲ್ಲವೋ ಅಂತ ಮುಂದಿನ ವರ್ಷ ಗೊತ್ತಾಗುವುದಿಲ್ಲ.

ತಿಂಗಳಿಗೊಮ್ಮೆ ಇನ್ನೊಂದು ಕೆಲಸ. ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಮಾಡಿದ್ದೇವೆ. ಮೂಲೆಗಳನ್ನು ಅಂಟು ಹಾಕಿ ಮುಚ್ಚಿದರೆ ತೇಲುತ್ತದೆ. ಅದನ್ನು ಹಾಸಿನ ಮೇಲಿಟ್ಟು ಒಳಗಿನ ಗಿಡ ಎಣಿಸುತ್ತೇವೆ, ಎತ್ತರ ಅಳೆಯುತ್ತೇವೆ, ಕಿತ್ತು ನೀರು ಬಸಿದು ತೂಗುತ್ತೇವೆ. ದಟ್ಟ ಹಾಸಿನಲ್ಲಿ ಒಂದು ಚದರ ಮೀಟರ್‌ಗೆ 30 ಕೆಜಿ ಮೀರಿ ಬರುವುದುಂಟು. ಹಾಗಾದರೆ ಒಂದು ಹೆಕ್ಟೇರ್‌ಗೆ 300 ಟನ್. ಮೂರು ಟನ್ ಹೊರುವ ಟ್ರ್ಯಾಕ್ಟರ್‌ಗೆ ನೂರು ಲೋಡ್. ಗುತ್ತಿಗೆದಾರರ ಬಿಲ್ಲು ನೋಡುವ ಮೊದಲು ಈ ಲೆಕ್ಕ ಕೈಯಲ್ಲಿರಲಿ.

ಉಪಗ್ರಹದ ಚಿತ್ರ ನೋಡಿದರೆ ಸಾಕಲ್ವಾ?

ತುಂಬಾ ಉಪಯೋಗ, ಆದರೆ ಅದೊಂದೇ ಸಾಲದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತವಾಗಿ ಸಿಗುತ್ತದೆ. ಸುಮಾರು ಐದು ದಿನಕ್ಕೊಮ್ಮೆ ಹೊಸ ಚಿತ್ರ. ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್ ಉದ್ದಗಲ. ಹಿಂದಿನ ವರ್ಷಗಳದ್ದೂ ಇರುವುದರಿಂದ ಕಳೆ ಯಾವ ತಿಂಗಳು, ಯಾವ ಮೂಲೆಯಿಂದ ಶುರುವಾಯಿತು ಅಂತ ಹಿಂದಕ್ಕೆ ಹೋಗಿ ನೋಡಬಹುದು. ಮಳೆಗಾಲದಲ್ಲಿ ಮಾತ್ರ ಮೋಡ ಅಡ್ಡ ಬರುತ್ತದೆ. ಗಿಡ ಹಯಾಸಿಂತೋ ಜೊಂಡೋ ಅನ್ನುವುದೂ ಮೇಲಿನಿಂದ ಸರಿಯಾಗಿ ತಿಳಿಯುವುದಿಲ್ಲ. ಒಂದು ಚಾಪೆಯಷ್ಟು ಹೊಸ ಹಾಸು ಕಾಣುವುದೇ ಇಲ್ಲ, ನಮಗೆ ಬೇಕಾದದ್ದು ಅದೇ ಅಲ್ವಾ? ಕಾಲ್ನಡಿಗೆ ಬಿಡಬೇಡಿ.

ತೆಗೆಯೋಕೆ ಒಳ್ಳೆ ಕಾಲ ಯಾವುದು?

ಜನವರಿಯಿಂದ ಮೇ. ನೀರು ಇಳಿದಿರುತ್ತದೆ, ಟ್ರ್ಯಾಕ್ಟರ್ ಓಡಾಡಲು ನೆಲ ಗಟ್ಟಿ ಇರುತ್ತದೆ, ತೆಗೆದದ್ದು ಬೇಗ ಒಣಗುತ್ತದೆ. ಮಳೆ ಶುರುವಾದ ಮೇಲೆ ದೇವನಕ್ಕಿ, ಗುಳುಮುಳುಕ ಮೊದಲಾದವು ತೇಲುವ ಗಿಡಗಳ ಮೇಲೆ ಮೊಟ್ಟೆ ಇಡುತ್ತವೆ. ಆಗ ಯಂತ್ರ ಇಳಿಸಿದರೆ ಗೂಡು ಸಮೇತ ಹೋಗುತ್ತದೆ. ಯಾವ ಕಾಲದಲ್ಲೇ ಆಗಲಿ, ಹಿಂದಿನ ದಿನ ಒಮ್ಮೆ ಗೂಡು ಇದೆಯಾ ನೋಡಿ.

ಕೈಯಲ್ಲಿ ತೆಗೆಯೋದಾ, ಯಂತ್ರದಲ್ಲಾ?

ಕಾಲು ಭಾಗದೊಳಗಿದ್ದರೆ ಕೈ, ತೆಪ್ಪ, ಹಗ್ಗ ಸಾಕು. ಗಾಳಿ ಕಳೆಯನ್ನು ಯಾವ ದಡಕ್ಕೆ ತಳ್ಳುತ್ತದೋ ಅಲ್ಲಿ ನಿಂತು ಎಳೆಯಿರಿ, ಅರ್ಧ ಕೆಲಸ ಗಾಳಿಯೇ ಮಾಡುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಯಂತ್ರ ಬೇಕು. ಬಿದಿರು ಅಥವಾ ಖಾಲಿ ಡ್ರಮ್ಮಿಗೆ ಬಲೆ ಕಟ್ಟಿ ತೇಲುವ ಬೇಲಿ ಹಾಕಿ, ಒಂದು ಭಾಗ ಬಿಡಿಸಿದ ಮೇಲೆ ಅದು ಮತ್ತೆ ತುಂಬದಂತೆ ತಡೆಯಿರಿ.

ಅಲಿಗೇಟರ್ ವೀಡ್‌ಗೆ ಮಾತ್ರ ಯಂತ್ರ ಹಾಕಿ ಕತ್ತರಿಸಬೇಡಿ. ನಮ್ಮ ದೇಶದಲ್ಲಿ ಅದು ಬೀಜದಿಂದಲ್ಲ, ಗಿಣ್ಣಿನಿಂದ ಹಬ್ಬುತ್ತದೆ. ನೂರು ತುಂಡಾದರೆ ನೂರು ಗಿಡ. ಬೇರು ಸಮೇತ ನಿಧಾನವಾಗಿ ಕಿತ್ತು, ಚೀಲಕ್ಕೆ ತುಂಬಿ ಒಯ್ಯಬೇಕು.

ನೀರಿಗಿಳಿಯೋದು ಅಪಾಯವಾ?

ಹೌದು. ನಮ್ಮ ಹುಡುಗನೊಬ್ಬ ಮೊಣಕಾಲುದ್ದ ನೀರು ಅಂದುಕೊಂಡು ಇಳಿದು ಸೊಂಟದವರೆಗೆ ಹೂಳಿನಲ್ಲಿ ಹೂತುಹೋಗಿದ್ದ. ಹಗ್ಗ ಹಾಕಿ ಎಳೆಯಲು ನಾಲ್ಕು ಜನ ಬೇಕಾದರು. ಅವತ್ತಿನಿಂದ ಲೈಫ್ ಜಾಕೆಟ್, ಸೊಂಟಕ್ಕೆ ಹಗ್ಗ, ದಡದಲ್ಲಿ ಇಬ್ಬರು ಇಲ್ಲದೆ ಯಾರೂ ಇಳಿಯುವಂತಿಲ್ಲ. ಗಮ್‌ಬೂಟ್, ಕೈಗವಸು ಹಾಕಿಕೊಳ್ಳಿ. ಹಾಸಿನೊಳಗೆ ಹಾವು, ಗಾಜಿನ ಚೂರು ಎರಡೂ ಇರುತ್ತವೆ. ಗಾಯವಿದ್ದವರು ಇಳಿಯಬಾರದು, ಇಲಿಜ್ವರ ಬರುವ ದಾರಿ ಅದು. ಆಮೇಲೆ ಜ್ವರ, ಮೈಕೈ ನೋವು ಬಂದರೆ ಕೆರೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಹೇಳಿ.

ಔಷಧಿ ಹೊಡೆದರೆ ಒಂದೇ ವಾರದಲ್ಲಿ ಸಾಯುತ್ತಂತಲ್ಲ?

ಸಾಯುತ್ತದೆ. ಸತ್ತದ್ದು ಎಲ್ಲಿ ಹೋಗುತ್ತದೆ? ನೂರಾರು ಟನ್ ಗಿಡ ಒಟ್ಟಿಗೆ ನೀರೊಳಗೆ ಕೊಳೆತರೆ ಆಮ್ಲಜನಕ ಮುಗಿದು ಮೀನು ಸಾಯುತ್ತದೆ. ಪೋಷಕಾಂಶವೆಲ್ಲ ಅಲ್ಲೇ ಉಳಿದು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಆ ನೀರನ್ನು ದನ ಕುಡಿಯುತ್ತವೆ, ಕೆಳಗಿನ ಗದ್ದೆಗೂ ಹೋಗುತ್ತದೆ. ಗ್ಲೈಫೋಸೇಟ್ ಅನ್ನುವ ಕಳೆನಾಶಕವನ್ನು ಪರವಾನಗಿ ಇರುವ ಕೀಟ ನಿಯಂತ್ರಕರ ಮೂಲಕ ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ಆದೇಶ ಮಾಡಿದೆ. ನಮ್ಮ ಕೆರೆಗೆ ಯಾವ ಔಷಧಿಯೂ ಬೇಡ ಅಂತ ನಾವು ತೀರ್ಮಾನ ಮಾಡಿದ್ದೇವೆ.

ಕಳೆ ತಿನ್ನುವ ಹುಳ ಇದೆಯಂತೆ. ನಿಜವಾ?

ನಿಜ, ಮತ್ತು ಈ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರ ಇದೆ. ಸಾಲ್ವಿನಿಯಾ ತಿನ್ನುವ ಸಿರ್ಟೊಬಾಗಸ್ ಅನ್ನುವ ಪುಟ್ಟ ಮೂತಿಹುಳವನ್ನು 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಿಂದ ತರಿಸಿ, ಮೊದಲು ಬೆಂಗಳೂರಿನ ಒಂದು ಕೊಳದಲ್ಲಿ ಬಿಟ್ಟು ನೋಡಿದರು. ಒಂದು ವರ್ಷದೊಳಗೆ ಅಲ್ಲಿನ ಸಾಲ್ವಿನಿಯಾ ಕುಸಿಯಿತು. ಆಮೇಲೆ ಅದೇ ಹುಳ ಕೇರಳಕ್ಕೆ ಹೋಯಿತು. ಅಲ್ಲಿ ಗದ್ದೆ, ಕಾಲುವೆ ಎಲ್ಲ ಸಾಲ್ವಿನಿಯಾದಿಂದ ತುಂಬಿ ಭತ್ತದ ಬೇಸಾಯವೇ ಕಷ್ಟವಾಗಿತ್ತು. ಹುಳ ಅದನ್ನು ಹಿಡಿತಕ್ಕೆ ತಂದಿತು. ಕೈಯಲ್ಲಿ ಕೀಳುವ ಕೂಲಿಯೇ ಎಷ್ಟೋ ಉಳಿಯಿತು.

ಹಯಾಸಿಂತ್‌ಗೂ ನಿಯೋಚೆಟಿನಾ ಅನ್ನುವ ಎರಡು ಜಾತಿಯ ಮೂತಿಹುಳ ಅದೇ ಕಾಲದಲ್ಲಿ ಬಂದವು. ದೊಡ್ಡ ಹುಳ ಎಲೆ ಕೆರೆಯುತ್ತದೆ, ಎಲೆ ಮೇಲೆ ಸಣ್ಣ ಸಣ್ಣ ಕಂದು ಚೌಕದ ಗುರುತು ಕಾಣುತ್ತದೆ. ಮರಿ ತೊಟ್ಟಿನೊಳಗೆ ಸುರಂಗ ಕೊರೆಯುತ್ತದೆ, ಅಲ್ಲಿಂದ ನೀರು ನುಗ್ಗಿ ಗಿಡ ಮುಳುಗುತ್ತದೆ. ಬೆಂಗಳೂರು ಸುತ್ತಿನ ಕೆಲವು ಕೆರೆಗಳಲ್ಲಿ ಆಗ ಒಳ್ಳೆ ಫಲ ಸಿಕ್ಕಿತ್ತು. ಈ ಹುಳಗಳು ಬೇರೆ ಬೆಳೆ ತಿನ್ನುವುದಿಲ್ಲ ಅಂತ ಪರೀಕ್ಷೆ ಮಾಡಿಯೇ ಬಿಟ್ಟದ್ದು, ರೈತರು ಹೆದರಬೇಕಾಗಿಲ್ಲ.

ಹಾಗಾದರೆ ಈಗ ಯಾಕೆ ಕೆರೆಗಳು ಹೀಗಿವೆ? ಕೊಳಚೆ ನೀರಿನಲ್ಲಿ ಗಿಡ ಬೆಳೆಯುವ ವೇಗಕ್ಕೆ ಹುಳ ತಿನ್ನುವ ವೇಗ ಸಾಲುವುದಿಲ್ಲ. ಜೊತೆಗೆ, ಯಂತ್ರ ಹಾಕಿ ಪೂರ್ತಿ ಬಾಚಿದರೆ ಹುಳವೂ ಹೋಗುತ್ತದೆ. ಉಳಿದ ಬೀಜದಿಂದ ಗಿಡ ಬೇಗ ಬರುತ್ತದೆ, ಹುಳ ಬರುವುದಿಲ್ಲ. ಹುಳದ ಗುರುತು ಕಂಡರೆ ಬೇಲಿ ಕಟ್ಟಿ ಒಂದು ಮೂಲೆಯಷ್ಟು ಗಿಡ ಉಳಿಸಿ. ಹುಳ ಬೇಕೆಂದರೆ ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರನ್ನು ಕೇಳಿ.

ಹುಲ್ಲುಗೆಂಡೆ ಮೀನು ಬಿಟ್ಟರೆ?

ಅದು ನೀರೊಳಗಿನ ಮೆತ್ತನೆ ಗಿಡ ತಿನ್ನುತ್ತದೆ. ಹಯಾಸಿಂತ್ ಅದಕ್ಕೆ ಅಷ್ಟಾಗಿ ರುಚಿಸುವುದಿಲ್ಲ. ನಮಗೆ ಬೇಕಾದ ಗಿಡ ಹೋಗಿ ಬೇಡದ್ದು ಉಳಿಯುತ್ತದೆ.

ತೆಗೆದ ಕಳೆಯನ್ನು ಎಲ್ಲಿ ಹಾಕೋದು?

ಏರಿ ಮೇಲೆ ಬೇಡ. ಮೊದಲ ವರ್ಷ ನಾವು ಮಾಡಿದ ದೊಡ್ಡ ತಪ್ಪು ಇದೇ. ಮೂರು ದಿನ ಬೆನ್ನು ಮುರಿದು ತೆಗೆದು ಏರಿಗೆ ರಾಶಿ ಹಾಕಿದೆವು. ವಾರದಲ್ಲಿ ಜೋರು ಮಳೆ, ಅರ್ಧ ರಾಶಿ ಮತ್ತೆ ಕೆರೆಗೆ. ಉಳಿದದ್ದರ ರಸ ಇಳಿದು ಅದೂ ಕೆರೆಗೆ.

ಗಿಡದಲ್ಲಿ ಶೇ 90ಕ್ಕೂ ಹೆಚ್ಚು ನೀರೇ. ನೀರಿಗೆ ಹರಿಯದ ಇಳಿಜಾರಿನಲ್ಲಿ ನಾಲ್ಕು ದಿನ ಹರಡಿ ಒಣಗಿಸಿದರೆ ಸಾಗಿಸುವ ಖರ್ಚು ಎಷ್ಟೋ ಇಳಿಯುತ್ತದೆ. ಆಮೇಲೆ ಕತ್ತರಿಸಿ, ಒಣ ಎಲೆ, ಸಗಣಿ ಬಗ್ಗಡ ಪದರ ಪದರವಾಗಿ ಹಾಕಿ, ಆಗಾಗ ತಿರುವಿದರೆ ಎರಡು ಮೂರು ತಿಂಗಳಿಗೆ ಗೊಬ್ಬರ. ರಾಶಿ ಒಳಗೆ ಕೈ ಇಡಲಾಗದಷ್ಟು ಬಿಸಿಯಾಗಬೇಕು, ಇಲ್ಲದಿದ್ದರೆ ಬೀಜ ಸಾಯುವುದಿಲ್ಲ. ಕಾರ್ಖಾನೆ ನೀರು ಸೇರುವ ಕೆರೆಯಾದರೆ ಲ್ಯಾಬಿನಲ್ಲಿ ಲೋಹ ಪರೀಕ್ಷೆ ಮಾಡಿಸದೆ ಸೊಪ್ಪು, ತರಕಾರಿಗೆ ಹಾಕಬೇಡಿ. ಬುಟ್ಟಿ, ಚಾಪೆ ಹೆಣೆಯುವ ಕೆಲಸವೂ ಇದೆ, ಹೆಣೆಯುವವರಿಗೆ ಆದಾಯ. ಆದರೆ ಅದರಿಂದ ಕೆರೆ ಖಾಲಿಯಾಗುತ್ತದೆ ಅಂತ ನಂಬಿ ಕೂರಬೇಡಿ.

ಎಷ್ಟು ಸಲ ತೆಗೆದರೂ ಮತ್ತೆ ಬರುತ್ತಲ್ಲ. ಏನು ಮಾಡೋದು?

ಬರುವುದು ಮೂರು ಕಡೆಯಿಂದ. ಒಂದು, ತಳದ ಕೆಸರು. ಹಯಾಸಿಂತ್ ಬೀಜ ಅಲ್ಲಿ 15-20 ವರ್ಷ ಬದುಕಿರಬಲ್ಲದು. ಬೇಸಿಗೆಯಲ್ಲಿ ನೀರಿಳಿದು, ಕೆಸರಿಗೆ ಬಿಸಿಲು ಬಿದ್ದಾಗ ಮೊಳೆಯುತ್ತದೆ. ಎರಡು, ಮೇಲಿನ ಕೆರೆ. ನಮ್ಮ ಕಡೆ ಕೆರೆಗಳು ಸರಪಳಿ ಹಾಗೆ. ಮೇಲಿನದು ಕೋಡಿ ಬಿದ್ದರೆ ಅಲ್ಲಿನ ಕಳೆ ನಮ್ಮಲ್ಲಿಗೆ, ನಮ್ಮದು ಕೆಳಗಿನವರಿಗೆ. ಅದಕ್ಕೇ ಈಗ ಮೇಲಿನ ಕೆರೆಯವರೊಂದಿಗೆ ಸೇರಿ ಒಂದೇ ತಿಂಗಳಲ್ಲಿ ಕೆಲಸ ಇಟ್ಟುಕೊಳ್ಳುತ್ತೇವೆ.

ಮೂರನೆಯದು ಚರಂಡಿ ನೀರು, ಎಲ್ಲಕ್ಕಿಂತ ದೊಡ್ಡದು. ಪಾಯಿಖಾನೆ ನೀರು, ಬಟ್ಟೆ ಸೋಪಿನ ನೀರು ಕಳೆಗೆ ಊಟ. ಊಟ ಬಡಿಸುತ್ತಲೇ ಇದ್ದು ಎದ್ದುಹೋಗು ಅಂದರೆ ಹೇಗೆ? ಕಳೆ ತೆಗೆಸುವ ಹಣ ಸಿಕ್ಕಿದಾಗ ಅದರ ಒಂದು ಪಾಲನ್ನು ಒಳಹರಿವಿನ ಪೈಪುಗಳನ್ನು ಹುಡುಕಲು ಇಡಿ ಅಂತ ನಾವು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಮಳೆಯಿಲ್ಲದ ಫೆಬ್ರವರಿಯಲ್ಲೂ ಕಾಲುವೆ ಹರಿಯುತ್ತಿದ್ದರೆ ಅದು ಮಳೆನೀರಲ್ಲ. ಅದರ ಜಾಡು ಹಿಡಿದು ಮೇಲಕ್ಕೆ ನಡೆಯಿರಿ, ಫೋಟೋ ತೆಗೆಯಿರಿ.

ನಮ್ಮಷ್ಟಕ್ಕೆ ನಾವು ತೆಗೆಯಬಹುದಾ? ಯಾರನ್ನು ಕೇಳಬೇಕು?

ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಮೊದಲು ತಿಳಿಯಿರಿ: ಪಂಚಾಯಿತಿ, ಪಾಲಿಕೆ, ಸಣ್ಣ ನೀರಾವರಿ ಅಥವಾ ಅರಣ್ಯ ಇಲಾಖೆ. ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮೀನಿನ ಗುತ್ತಿಗೆ ಯಾರಿಗಿದೆಯೋ ಅವರನ್ನೂ ಕರೆಯಿರಿ, ಕೆರೆಯ ಆಳ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಮನೆಯ ತೊಟ್ಟಿ, ಅಕ್ವೇರಿಯಂನಲ್ಲಿ ಈ ಗಿಡ ಇಟ್ಟುಕೊಂಡಿದ್ದೇನೆ. ತಪ್ಪಾ?

ಮನೆಯಲ್ಲಿ ಇಟ್ಟುಕೊಂಡದ್ದಕ್ಕಿಂತ ಬಿಸಾಡುವ ರೀತಿಯಲ್ಲಿ ತೊಂದರೆ. ಜಾಸ್ತಿಯಾಯಿತು ಅಂತ ಚರಂಡಿಗೋ ಕೆರೆಗೋ ಹಾಕಬೇಡಿ. ತಾರಸಿ ಮೇಲೆ ಪೂರ್ತಿ ಗರಿಗರಿಯಾಗುವಷ್ಟು ಒಣಗಿಸಿ ಕುಂಡಕ್ಕೆ ಹಾಕಿ.

ನಮ್ಮೂರ ಕೆರೆಯಲ್ಲಿ ಕಳೆಯೇ ಇಲ್ಲ. ನಾವೇನಾದರೂ ಮಾಡಬೇಕಾ?

ನೀವೇ ಮೊದಲು ಶುರು ಮಾಡಬೇಕಾದವರು. ಮೊದಲ ಜೋರು ಮಳೆಯ ಮಾರನೇ ದಿನ ಕಾಲುವೆ ಬಾಯಿಯ ಹತ್ತಿರ ಹೋಗಿ ನೋಡಿ. ನಾಲ್ಕೈದು ಗಿಡ ತೇಲಿ ಬಂದಿದ್ದರೆ ಉದ್ದ ಕೋಲಿಗೆ ಕೊಕ್ಕೆ ಕಟ್ಟಿ ಎಳೆದು, ದಡದಿಂದ ದೂರ ಹಾಕಿ ಒಣಗಿಸಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ. ನೋಟ್‌ಬುಕ್ಕಿನಲ್ಲಿ ತಾರೀಕು, ಜಾಗ, ಎಷ್ಟು ಗಿಡ ಅಂತ ಬರೆಯಿರಿ.